ಅಪ್ಪನ ಗಾಡಿಯ ಅಳತೆ

ಕೊಬ್ಬರಿ ಮಾರುಕಟ್ಟೆಯ ದಿನ ಬೆಳಗ್ಗೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸುಮ್ಮನೆ ನಿಂತರೂ ಸಾಕು, ಮೂರು ತಾಲ್ಲೂಕಿನ ತೆಂಗು ಕಣ್ಣ ಮುಂದೆ ಹಾದುಹೋಗುತ್ತದೆ. ಚಿಕ್ಕನಾಯಕನಹಳ್ಳಿ ಕಡೆಯಿಂದ ಬರುವ ಗಾಡಿಗಳ ಟೈರಿಗೆ ಕೆಮ್ಮಣ್ಣು ಮೆತ್ತಿರುತ್ತದೆ. ತುರುವೇಕೆರೆ ಕಡೆಯವು ಸುಲಿದ ಕಾಯಿಯ ಮಟ್ಟೆಯನ್ನು ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿ, ಹಗ್ಗ ಬಿಗಿದು, ಒಂದು ಮಗ್ಗುಲಿಗೆ ವಾಲಿಕೊಂಡೇ ಬರುತ್ತವೆ. ಇವುಗಳ ನಡುವೆ ದಾರಿ ಮಾಡಿಕೊಂಡು ಕೊಬ್ಬರಿ ಚೀಲ ಹೇರಿದ ಪಿಕಪ್ಪುಗಳು ಬಿ.ಎಚ್. ರಸ್ತೆಗೆ ಹೊರಳಿ ತಿಪಟೂರಿನ ಎಪಿಎಂಸಿ ಯಾರ್ಡಿನತ್ತ ಮುಖ ಮಾಡುತ್ತವೆ. ಹೋಟೆಲಿನ ತಟ್ಟೆ ಇಡ್ಲಿಯ ಆವಿ, ಡೀಸೆಲ್ ಹೊಗೆ, ಎಲ್ಲೋ ಹತ್ತಿರದ ನಾರಿನ ಕಾರ್ಖಾನೆಯಿಂದ ತೇಲಿ ಬರುವ ನೆನೆದ ಮಟ್ಟೆಯ ಹುಳಿ ವಾಸನೆ, ಮೂರೂ ಒಂದರೊಳಗೊಂದು ಬೆರೆತು ಮೂಗಿಗೆ ಬರುತ್ತವೆ. ಈ ಊರಿನವರಿಗೆ ಅದು ವಾಸನೆ ಅಂತಲೇ ಅನ್ನಿಸುವುದಿಲ್ಲ.

ಕ್ರಾಸಿನಿಂದ ತಿಪಟೂರಿನ ಕಡೆಗೆ ಸ್ವಲ್ಪ ನಡೆದರೆ ಎಡಕ್ಕೆ ಒಂದು ತಗಡಿನ ಶೆಡ್ಡು. ಮುಂದೆ ಹುಣಸೆ ಮರ, ಮರದ ಬುಡದಲ್ಲಿ ಗಾಲಿಯಿಲ್ಲದ ಟ್ರ್ಯಾಕ್ಟರ್ ಟ್ರೇಲರು, ಅದರ ಮೇಲೆ ಒಣಗಲು ಹಾಕಿದ ಬನಿಯನ್ನು. ಒಳಗೆ ಗ್ರೈಂಡರು ಕಬ್ಬಿಣಕ್ಕೆ ತಾಗಿದಾಗಲೆಲ್ಲ ಕಿಡಿಯ ಧಾರೆ ನೆಲಕ್ಕೆ ಬಿದ್ದು ಆರುತ್ತದೆ. ಶೆಡ್ಡಿನ ಒಡೆಯರನ್ನು ಎಲ್ಲರೂ ಆಚಾರ್ರು ಅನ್ನುತ್ತಾರೆ. ಅವರ ತಾತ ಎತ್ತಿನ ಗಾಡಿಗೆ ಚಕ್ರ ಕೂರಿಸುತ್ತಿದ್ದವರು, ತಂದೆ ಟ್ರೇಲರಿಗೆ ಹಲಗೆ ಹೊಡೆದವರು. ಇವರು ಪಿಕಪ್ಪಿನ ಬಾಡಿ ಕಟ್ಟುತ್ತಾರೆ. ಮರ ಹೋಗಿ ಕಬ್ಬಿಣ ಬಂದರೂ ಕಿವಿಯ ಸಂದಿಯ ಪೆನ್ಸಿಲ್ ಮಾತ್ರ ಮನೆತನದಲ್ಲೇ ಉಳಿದಿದೆ.

ಇವತ್ತು ಅವರ ಮುಂದೆ ನಿಂತಿರುವುದು 2006ನೇ ಇಸವಿಯ ಟಾಟಾ 207. ನಂಬರು ಕೆಎ 06. ತಿಪಟೂರಿಗೆ ತನ್ನದೇ ಆರ್‌ಟಿಒ ಕಚೇರಿ, ತನ್ನದೇ ಕೆಎ 44 ಸಂಖ್ಯೆ ಇರುವ ಈ ಕಾಲದಲ್ಲಿ, 06 ಎಂದರೆ ಗಾಡಿ ತುಮಕೂರಿಗೆ ಹೋಗಿ ನೋಂದಾಯಿಸಿಕೊಂಡು ಬಂದ ಹಳೇ ತಲೆ ಎಂದು ರಸ್ತೆಯಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ. ಮೊದಲು ಬಿಳಿ ಬಣ್ಣದ್ದಿರಬೇಕು. ಈಗ ಹಸುವಿನ ಹಾಲು ಕಾಯಿಸಿ ಕೆನೆ ಕಟ್ಟಿದ ಬಣ್ಣ. ಕ್ಯಾಬಿನ್ನಿನ ಹಣೆಯ ಮೇಲೆ ‘ಶ್ರೀ ಚೌಡೇಶ್ವರಿ ಪ್ರಸನ್ನ’ ಎಂದು ಕೆಂಪಕ್ಷರ. ದಸರಿಘಟ್ಟದ ಅಮ್ಮನವರು ಈ ಸೀಮೆಯ ಅರ್ಧಕ್ಕರ್ಧ ಗಾಡಿಗಳ ಹಣೆಯ ಮೇಲಿದ್ದಾರೆ, ಇನ್ನರ್ಧದ ಮೇಲೆ ಎಡೆಯೂರು ಸಿದ್ಧಲಿಂಗೇಶ್ವರರು. ಹಿಂದಿನ ಡೋರಿನ ಮೇಲೆ ಇಬ್ಬರು ಮಕ್ಕಳ ಹೆಸರು, ಅಕ್ಕನದು ಮೊದಲು, ತಮ್ಮನದು ಆಮೇಲೆ. ಆ ತಮ್ಮನೇ ಈಗ ಬಾನೆಟ್ಟಿಗೆ ಒರಗಿ ನಿಂತಿರುವ ಹುಡುಗ. ಗಾಡಿ ಬಂದಾಗ ಅವನಿನ್ನೂ ತೊಡೆಯ ಮೇಲೆ ಕೂರುವ ವಯಸ್ಸಿನವನು. ಅಪ್ಪ ತೀರಿಕೊಂಡು ಎರಡು ತಿಂಗಳಾಗುತ್ತಿದೆ. ಗಾಡಿ ಅವನ ಪಾಲಿಗೆ ಬಂದಿದೆ, ಅದನ್ನು ಏನು ಮಾಡಿಸಬೇಕು ಎನ್ನುವುದು ಮಾತ್ರ ತೀರ್ಮಾನವಾಗಿಲ್ಲ.

ಆಚಾರ್ರು ಮಾತಾಡುವ ಮೊದಲು ಗಾಡಿಯನ್ನು ಒಂದು ಸುತ್ತು ಹಾಕುತ್ತಾರೆ. ನೀವೂ ಅವರ ಹಿಂದೆ ಒಂದು ಸುತ್ತು ಬನ್ನಿ. ಅವರು ಬಗ್ಗಿ ಹಿಂದಿನ ಚಕ್ರದ ಮೇಲೆ ಕೈಯಾಡಿಸುತ್ತಾರೆ. ಸ್ಪ್ರಿಂಗ್ ಪ್ಲೇಟುಗಳ ಸೆಟ್ಟಿನಲ್ಲಿ ಒಂದರ ಬಣ್ಣ ಬೇರೆ, ದಪ್ಪವೂ ಬೇರೆ. “ಇದು ಗಣಿ ಟೈಮಿಂದು ಕಣಪ್ಪ. ನಿಮ್ಮಪ್ಪಾರು ನಮ್ಮಪ್ಪನ ಕೈಲೇ ಹಾಕ್ಸಿದ್ದು.” ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಅದಿರು ಕೀಳುತ್ತಿದ್ದ ಕಾಲದಲ್ಲಿ, ದೊಡ್ಡ ಲಾರಿಗಳು ಅದಿರು ಹೊತ್ತರೆ ಇಂಥ ಸಣ್ಣ ಗಾಡಿಗಳು ಅವುಗಳ ಬೆನ್ನಿಗೆ ಡೀಸೆಲ್ ಡ್ರಮ್ಮು, ಟೈರು, ಕೂಲಿಯವರ ಅಕ್ಕಿ ಚೀಲ ಹೊತ್ತು ಓಡಾಡಿದವು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿದಾಗ ಆ ಬಾಡಿಗೆ ಒಂದೇ ವಾರದಲ್ಲಿ ನಿಂತುಹೋಯಿತು. ಪ್ಲೇಟು ಮಾತ್ರ ಹಾಗೇ ಉಳಿಯಿತು. ಖಾಲಿ ಗಾಡಿ ಹಳ್ಳ ಹತ್ತಿಸಿದಾಗ ಬೆನ್ನುಮೂಳೆಗೆ ಹೊಡೆಯುವ ಆ ಕುಲುಕಾಟ ಗಣಿಯ ಕಾಲದ್ದು ಎಂದು ಹುಡುಗನಿಗೆ ಇವತ್ತೇ ಗೊತ್ತಾಗಿದ್ದು.

ಬಾಡಿಯ ಪಕ್ಕಗಳ ಮೇಲೆ ಸುತ್ತಲೂ ಆ್ಯಂಗಲ್ಲು ಬೆಸೆದು, ಅದಕ್ಕೆ ಅಡ್ಡಪಟ್ಟಿ ಕೊಟ್ಟು ಎದೆಮಟ್ಟಕ್ಕೆ ಏರಿಸಿದ್ದಾರೆ. ಅದು ಬರಗಾಲದ ಕೆಲಸ. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ತೋಟದ ಸುಳಿಗಳೇ ಜೋತುಬಿದ್ದ ವರ್ಷಗಳಲ್ಲಿ ಹೇರಲು ಕಾಯಿಯೆಲ್ಲಿತ್ತು? ರಾಗಿ ಹುಲ್ಲು, ಜೋಳದ ಸೊಪ್ಪೆ ಹೇರಿದರು, ಮಟ್ಟೆ ಹೇರಿದರು. ನೆಲದ ಹಲಗೆಯ ಮೇಲೆ ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಬಳೆ ಬೆಸೆದಿದೆ. ನೀರಿನ ಸಿಂಟೆಕ್ಸು ಕಟ್ಟಲು. ಸಾಯುತ್ತಿದ್ದ ಮರಗಳಿಗೆ ಟ್ಯಾಂಕರ್ ನೀರು ಕೊಟ್ಟು ಉಳಿಸಿಕೊಂಡವರು ಈ ಭಾಗದಲ್ಲಿ ಬಹಳ ಜನ ಇದ್ದಾರೆ. ಅಡ್ಡಪಟ್ಟಿಗೆ ನೇತುಹಾಕಿದ ಕೊಂಡಿಗಳು ಮಾತ್ರ ಇತ್ತೀಚಿನವು, ಎಳನೀರಿನ ಗೊನೆ ಕಟ್ಟಲು. ಹೀಗೆ ಒಂದೊಂದು ಬೆಸುಗೆಯೂ ಒಂದೊಂದು ಕಾಲದ್ದು. ಈ ಸೀಮೆಯ ತೆಂಗಿನ ಇಪ್ಪತ್ತು ವರ್ಷದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಗೆಜೆಟಿಯರ್ ಬದಿಗಿಟ್ಟು ಇಂಥ ನಾಲ್ಕು ಗಾಡಿಗಳ ಬಾಡಿ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ ಎಂದು ನನ್ನ ಅಂದಾಜು.

ಹುಡುಗನ ಮನಸ್ಸಿನಲ್ಲಿ ಬೇರೆಯೇ ಗಾಡಿಯಿದೆ. ಅದು ಅವನ ಫೋನಿನೊಳಗಿದೆ. ಮಿರಿಮಿರಿ ಕಪ್ಪು, ಮುಂದೆ ದಪ್ಪ ಕಬ್ಬಿಣದ ಗಾರ್ಡು, ತಲೆಯ ಮೇಲೆ ಸಾಲಾಗಿ ಎಲ್‌ಇಡಿ, ಅಗಲ ಟೈರು, ಗಾಜಿಗೆ ಕರೀ ಫಿಲ್ಮು, ನಾನಾ ರಾಗದ ಹಾರ್ನು. ಆಚಾರ್ರು ಫೋನನ್ನು ಕೈಚಾಚಿದಷ್ಟು ದೂರ ಹಿಡಿದು, ಒಂದೊಂದೇ ಚಿತ್ರ ಸರಿಸುತ್ತ ಮೆಚ್ಚಿಕೊಂಡೇ ನೋಡುತ್ತಾರೆ. “ಚೆನ್ನಾಗೈತೆ. ಇದರಾಗೆ ಕಾಯಿ ಎಲ್ಲಿಗೆ ಹಾಕ್ತಾರೆ?” ಹುಡುಗ ನಗುತ್ತಾನೆ. ಆಚಾರ್ರು ನಗುವುದಿಲ್ಲ, ನಿಜವಾಗಿಯೂ ಕೇಳಿದ್ದು.

ಹೇರುವುದೇನು ಎಂಬುದು ತಿಳಿಯದೆ ಬಾಡಿ ಕಟ್ಟುವಂತಿಲ್ಲ. ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆ ಕಾಣುವಷ್ಟು ಸುಲಭದ್ದಲ್ಲ, ಯಾಕೆಂದರೆ ಒಂದೇ ಕಾಯಿ ಮೂರು ರೂಪದಲ್ಲಿ ಗಾಡಿ ಹತ್ತುತ್ತದೆ. ದೋಟಿಯಿಂದ ಕೆಡವಿದ ಕಾಯಿ ಸಿಪ್ಪೆ ಸಮೇತ ಕಿಲೋ ಆಸುಪಾಸು ತೂಗುತ್ತದೆ. ಸಾವಿರ ಕಾಯಿ ಹಾಕಿದರೆ ಈ ಗಾಡಿಗೆ ಅದೇ ತುಂಬು ಭಾರ. ಅದೇ ಸಾವಿರ ಕಾಯಿ ಮನೆಯ ಅಟ್ಟ ಸೇರಿ, ಎಂಟು ತಿಂಗಳೋ ವರ್ಷವೋ ಮಲಗಿ, ಒಳಗಿನ ನೀರೆಲ್ಲ ಇಂಗಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಎಂದು ಕೊಬ್ಬರಿ ಗಿಟುಕು ಸದ್ದು ಮಾಡುವ ಹಂತಕ್ಕೆ ಬಂದ ಮೇಲೆ ಕೆಳಗಿಳಿಯುತ್ತವೆ. ಸುಲಿದು, ಚಿಪ್ಪು ಒಡೆದು ಚೀಲಕ್ಕೆ ತುಂಬಿದರೆ ಸಾವಿರ ಕಾಯಿಯ ಉಂಡೆ ಕೊಬ್ಬರಿ ಒಂದೂವರೆ ಕ್ವಿಂಟಲ್ ಆದರೆ ಹೆಚ್ಚು. ಗಾಡಿಯ ಒಂದು ಮೂಲೆಗೂ ಸಾಲದು. ಉಳಿದ ಮಟ್ಟೆ ನಾರಿನ ಕಾರ್ಖಾನೆಗೆ. ಅದು ಹಗುರ, ಆದರೆ ಆಕಾಶ ಮುಟ್ಟುವಷ್ಟು ಜಾಗ ಕೇಳುತ್ತದೆ. ಹಸಿಕಾಯಿಗೆ ಗಟ್ಟಿ ಪ್ಲೇಟು ಬೇಕು, ಮಟ್ಟೆಗೆ ಎತ್ತರದ ಪಕ್ಕ ಬೇಕು, ಕೊಬ್ಬರಿಗೆ ಎರಡೂ ಬೇಡ. ಕೊಬ್ಬರಿಗೆ ಬೇಕಾಗಿರುವುದು ಒಣ ನೆಲ ಮತ್ತು ಮೇಲೊಂದು ಒಳ್ಳೇ ಟಾರ್ಪಾಲು.

ಈ ಮಾತಿನ ಹೊತ್ತಿಗೆ ಮಾರುಕಟ್ಟೆಗೆ ಹೊರಟ ಗಾಡಿಯೊಂದು ಶೆಡ್ಡಿನ ಮುಂದೆ ನಿಲ್ಲುತ್ತದೆ. ಹಿಂದಿನ ಡೋರಿನ ಚಿಲಕ ಕಿತ್ತುಬಂದಿದೆ, ಎರಡು ನಿಮಿಷದ ವೆಲ್ಡಿಂಗು. ಕಾಯುವಾಗ ಗಾಡಿಯ ಜೊತೆ ಬಂದ ಹಮಾಲಿ ಹಳೆಯ 207 ಹತ್ತಿರ ಬಂದು, ಯಾರೂ ಕೇಳದೆಯೇ, ತನ್ನ ಅಭಿಪ್ರಾಯ ಹೇಳುತ್ತಾನೆ. ಅವನ ಹೆಗಲಿನ ಮೇಲೆ ಮಡಿಸಿದ ಗೋಣಿ, ಗೋಣಿಗೆ ಅಂಟಿದ ಕೊಬ್ಬರಿಯ ಎಣ್ಣೆ ಘಮ. “ಏನಾರ ಮಾಡ್ಸಿ ಅಣ್ಣ, ಹಿಂದಗಡೆ ಡೋರಿಗೆ ಸರಪಣಿ ಹಾಕ್ಸಿ. ಡೋರು ಮಟ್ಟಸವಾಗಿ ಮಲಗಬೇಕು.” ಡೋರು ಪೂರ್ತಿ ಕೆಳಕ್ಕೆ ಜೋತುಬಿದ್ದರೆ ಚೀಲವನ್ನು ಒಳಗಿಂದ ಎಳೆದು ನೇರ ಬೆನ್ನಿಗೆ ಹಾಕಿಕೊಳ್ಳಬೇಕು, ಸೊಂಟ ಹೋಗುತ್ತದೆ. ಎರಡು ಸರಪಣಿಗೆ ತಡೆದು ನೆಲಕ್ಕೆ ಸಮವಾಗಿ ನಿಂತರೆ ಚೀಲ ಅಲ್ಲಿವರೆಗೆ ಜಾರಿ ಬರುತ್ತದೆ, ಬೆನ್ನು ಕೊಟ್ಟು ನಿಂತರೆ ತಾನೇ ಹತ್ತಿಕೊಳ್ಳುತ್ತದೆ. ಇಡೀ ಬೆಳಗಿನಲ್ಲಿ ಕೇಳಿದ ಸಲಹೆಗಳಲ್ಲಿ ಇದಕ್ಕಿಂತ ಸೊಗಸಾದದ್ದು ಇನ್ನೊಂದಿರಲಿಲ್ಲ. ಆಚಾರ್ರು ಪೆನ್ಸಿಲ್ ತೆಗೆದು ಸಿಗರೇಟು ಪ್ಯಾಕಿನ ಹಿಂದೆ ‘ಸರಪಣಿ 2’ ಎಂದು ಬರೆದುಕೊಳ್ಳುತ್ತಾರೆ.

ಚಿಕ್ಕಪ್ಪ ಬರುವುದು ಹತ್ತರ ಸುಮಾರಿಗೆ, ಟಿವಿಎಸ್ ಮೊಪೆಡ್ಡಿನಲ್ಲಿ. ಅವರದು ಒಂದೇ ವಾದ. ಇದನ್ನು ಮಾರು, ಸಾಲ ಮಾಡಿ ಹೊಸ ಬೊಲೆರೊ ತಗೋ, ಇಲ್ಲವೇ ಒಂದು ಏಸ್ ತಗೋ. ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಟಾಟಾದವರು 1988ರಲ್ಲಿ 206 ಎಂಬ ಪಿಕಪ್ ತಂದರು, 207 ಅದರ ತಮ್ಮ. 2005ರಲ್ಲಿ ಪುಟಾಣಿ ಏಸ್ ಬಂದ ಮೇಲೆ ಸಣ್ಣ ಬಾಡಿಗೆಯೆಲ್ಲ ಅದರ ಪಾಲಾಯಿತು, ದೊಡ್ಡ ಬಾಡಿಗೆಯನ್ನು ಮಹೀಂದ್ರದ ಪಿಕಪ್ಪುಗಳು ಕಿತ್ತುಕೊಂಡವು. ನಡುವೆ ಸಿಕ್ಕ 207 ಈಗ ರಸ್ತೆಯಲ್ಲಿ ಅಪರೂಪ. “ಬಿಡಿಭಾಗ ಸಿಗಲ್ಲ ನೋಡು ಆಮೇಲೆ” ಎನ್ನುತ್ತಾರೆ ಚಿಕ್ಕಪ್ಪ. “ಎಂಜಿನ್ ಸದ್ದು ಕೇಳಿ ಹೇಳಿ ಚಿಕ್ಕಪ್ಪ” ಎಂದು ಹುಡುಗ ಕೀಲಿ ತಿರುಗಿಸುತ್ತಾನೆ. ಎರಡು ಸಲ ಕೆಮ್ಮಿ, ಒಮ್ಮೆ ಕಪ್ಪು ಹೊಗೆ ಬಿಟ್ಟು, ಮೂರು ಲೀಟರಿನ ಆ ಡೀಸೆಲ್ ಎಂಜಿನ್ನು ಒಂದೇ ತಾಳಕ್ಕೆ ನಿಲ್ಲುತ್ತದೆ. ಚಿಕ್ಕಪ್ಪ ಕಿವಿಗೊಟ್ಟು ಕೇಳುತ್ತಾರೆ. ಮಾತಾಡುವುದಿಲ್ಲ.

ಸೀಟಿನ ಮೇಲಿನ ಪ್ಲಾಸ್ಟಿಕ್ ಕವರಿನಲ್ಲಿ ಹುಡುಗ ಕಾಗದಗಳನ್ನು ಜೋಡಿಸಿಟ್ಟಿದ್ದಾನೆ. ಮರಣ ಪ್ರಮಾಣಪತ್ರ, ಆರ್‌ಸಿ, ವಿಮೆ, ಫಾರಂ 31. ಗಾಡಿಯ ಒಡೆಯರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹಾಗೆ ತಿಳಿಸಿದವರು ಮೂರು ತಿಂಗಳು ಗಾಡಿ ಓಡಿಸಬಹುದು, ಅಷ್ಟರೊಳಗೆ ಆ 31ನೇ ಫಾರಂ ತುಂಬಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಊರ ಕಡೆ ಇದು ಯಾರಿಗೂ ನೆನಪಿರುವುದಿಲ್ಲ. ಹತ್ತು ವರ್ಷದ ಹಿಂದೆ ತೀರಿಕೊಂಡವರ ಹೆಸರಿನಲ್ಲೇ ಓಡುವ ಗಾಡಿಗಳು ಈ ರಸ್ತೆಯಲ್ಲೇ ಇವೆ. ಅಪಘಾತವೊಂದು ಆಗುವವರೆಗೆ ಅದು ಯಾರಿಗೂ ತೊಂದರೆಯಲ್ಲ, ಆದ ದಿನ ಇಡೀ ಮನೆಗೆ ತೊಂದರೆ. ಈ ಹುಡುಗ ಮೊದಲ ಕೆಲಸ ಮುಗಿಸಿದ್ದಾನೆ, ಎರಡನೆಯದಕ್ಕೆ ಇನ್ನೊಂದು ತಿಂಗಳಿದೆ. ಅದರ ಜೊತೆಗೇ ಎಫ್‌ಸಿ ದಿನಾಂಕವೂ ಬರುತ್ತಿದೆ. ಎಂಟು ವರ್ಷ ದಾಟಿದ ಹಳದಿ ಬೋರ್ಡಿನ ಗಾಡಿ ವರ್ಷ ವರ್ಷ ಹೋಗಿ ತನ್ನನ್ನು ತೋರಿಸಿಕೊಂಡು ಬರಬೇಕು.

ತೋರಿಸಿಕೊಳ್ಳುವಾಗ ಮೈಮೇಲೆ ಏನಿರಬಾರದು ಎನ್ನುವುದರಲ್ಲೇ ಫೋನಿನೊಳಗಿನ ಗಾಡಿ ಒಂದೊಂದಾಗಿ ಕಳಚಿ ಬೀಳುತ್ತದೆ. ಕರೀ ಫಿಲ್ಮಿಗೆ 2012ರಲ್ಲೇ ಸುಪ್ರೀಂ ಕೋರ್ಟು ತಡೆ ಹಾಕಿದೆ. ಮುಂದಿನ ಗಾರ್ಡು ಕಾನೂನಿಗೆ ವಿರುದ್ಧ ಎಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆಯಿತು. ನಾನಾ ರಾಗದ ಹಾರ್ನು ಯಾವತ್ತೂ ಸಲ್ಲುತ್ತಿರಲಿಲ್ಲ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಾಗಬೇಕು. ಎಲ್ಲಕ್ಕಿಂತ ದೊಡ್ಡದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಕೂಡದು ಎಂದು ಅದು ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳಿತು, ಅದೇ ವರ್ಷದ ತಿದ್ದುಪಡಿ ಒಂದೊಂದು ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ ಎಂದು ಬರೆದಿಟ್ಟಿತು. ಮಿತಿ ಮೀರಿ ಭಾರ ಹೇರಿದರೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೆರಡು ಸಾವಿರ. ಸರಕು ಬಾಡಿಯಿಂದ ಆಚೆಗೆ ಚಾಚಿದರೂ ಅಷ್ಟೇ ದಂಡ. ರಸ್ತೆಯಲ್ಲಿ ವಾಲಿಕೊಂಡು ಬಂದ ಆ ಮಟ್ಟೆ ಗಾಡಿಗಳು? ಅವು ಇಂಥ ಕಾನೂನೆಲ್ಲ ಗೊತ್ತಿದ್ದೇ ಓಡುತ್ತವೆ, ಎಫ್‌ಸಿ ದಿನ ಪಟ್ಟಿ ಬಿಚ್ಚಿಟ್ಟು ಮಾರನೆಯ ದಿನ ಮತ್ತೆ ಹಾಕಿಕೊಳ್ಳುತ್ತವೆ. ಇದನ್ನು ಇಲ್ಲಿ ಯಾರೂ ಗುಟ್ಟಾಗಿಯೂ ಹೇಳುವುದಿಲ್ಲ. ಆದರೆ ಅಪ್ಪನ ಕಾಲದಲ್ಲಿ ಬೆಸೆದ ಆ್ಯಂಗಲ್ಲನ್ನು ಬಿಚ್ಚಲು ಬರುವುದಿಲ್ಲ, ಕೊಯ್ಯಬೇಕು.

ಹಾಗಾಗಿ ಏನು ಸೇರಿಸಬೇಕು ಎಂದು ಶುರುವಾದ ಮಾತು ಮಧ್ಯಾಹ್ನದ ಹೊತ್ತಿಗೆ ಏನು ತೆಗೆಯಬೇಕು ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಹುಡುಗನಿಗೆ ಇದು ಕಷ್ಟ. ಎಲ್‌ಇಡಿ ಬಿಡು ಎಂದರೆ ಬಿಟ್ಟಾನು; ಅಪ್ಪ ನಿಂತು ಮಾಡಿಸಿದ್ದನ್ನು ಕೊಯ್ಯಿ ಎನ್ನಲು ಬಾಯಿ ಬರುವುದಿಲ್ಲ. ಆಚಾರ್ರು ಅವನನ್ನು ಅವಸರಪಡಿಸುವುದಿಲ್ಲ. ಸೀಮೆಸುಣ್ಣದಿಂದ ಶೆಡ್ಡಿನ ಸಿಮೆಂಟು ನೆಲದ ಮೇಲೆ ಬಾಡಿಯ ಅಳತೆ ಗೀರಿ, ಅದರೊಳಗೆ ಚೀಲಗಳನ್ನು ಚೌಕ ಚೌಕವಾಗಿ ಬರೆಯುತ್ತ ಹೋಗುತ್ತಾರೆ. ಎರಡೇ ಸಾಲು ಎತ್ತರ ಹೊಂದಿಸಿದರೂ ಫ್ಯಾಕ್ಟರಿಯ ಮೂಲ ಪಕ್ಕಗಳೇ ಸಾಕಾಗುತ್ತವೆ. “ನಿಮ್ಮಪ್ಪಾರು ಆವತ್ತು ಹುಲ್ಲಿಗೆ ಏರ್ಸಿದ್ರು. ನೀನು ಹುಲ್ಲು ಹೊಡೀತೀಯಾ?”

ಹೊಡೆಯುವುದಿಲ್ಲ. ಅವನ ಲೆಕ್ಕ ಕೊಬ್ಬರಿಯದು. ಮನೆಯ ಅಟ್ಟ ತುಂಬಿದೆ, ಅಕ್ಕಪಕ್ಕದ ನಾಲ್ಕಾರು ಮನೆಗಳ ಅಟ್ಟವೂ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದಾಗ ಮಾರುಕಟ್ಟೆ ಅದರ ಹತ್ತಿರವೂ ಸುಳಿಯದೆ, ರೈತರು ತಿಪಟೂರಿನಲ್ಲಿ ಧರಣಿ ಕೂತಿದ್ದರು. ಎರಡೇ ವರ್ಷದಲ್ಲಿ, 2025ರ ಬೇಸಿಗೆ ಕಳೆಯುವಷ್ಟರಲ್ಲಿ, 12,100 ರೂಪಾಯಿಯ ಬೆಂಬಲ ಬೆಲೆಯ ಎರಡು ಪಟ್ಟನ್ನೂ ಮೀರಿ ಅದೇ ಕೊಬ್ಬರಿ ಹೋಯಿತು. ಮರದಲ್ಲಿ ಕಾಯಿ ಇಲ್ಲದ್ದಕ್ಕೇ ಆ ಬೆಲೆ ಎಂದು ಇಲ್ಲಿಯವರೆಲ್ಲ ಹೇಳುತ್ತಾರೆ. ಬಿಳಿನೊಣ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಒಂದರ ಹಿಂದೊಂದು ಬಂದು ಇಳುವರಿ ಕುಗ್ಗಿಸಿವೆ. ಬೆಲೆ ಬಂದ ಮಾಲಿಗೆ ಮಳೆಹನಿ ಬಿದ್ದರೆ ನಷ್ಟ ದೊಡ್ಡದು. ತೇವ ಕಂಡ ಉಂಡೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ, ವ್ಯಾಪಾರಿ ಚೀಲಕ್ಕೆ ಕೈಹಾಕಿ ಒಂದು ಗಿಟುಕನ್ನು ಒಡೆದು ನೋಡಿದ ಕೂಡಲೇ ಅದು ಗೊತ್ತಾಗುತ್ತದೆ.

ಆದ್ದರಿಂದ ದುಡ್ಡೆಲ್ಲ ನೆಲಕ್ಕೆ. ಈಗಿರುವ ಕರಿಜಾಲಿ ಹಲಗೆಯ ಸಂದಿಗಳಲ್ಲಿ ಇಪ್ಪತ್ತು ವರ್ಷದ ಮಣ್ಣು, ಹೊಟ್ಟು, ನಾರು ಸೇರಿ ಗಟ್ಟಿಯಾಗಿದೆ. ಅದನ್ನು ಕಿತ್ತು, ಅಡಿಯ ಚಾಸಿಗೆ ತುಕ್ಕು ತೆಗೆದು ಬಣ್ಣ ಹೊಡೆದು, ಒಳ್ಳೆಯ ಹಲಗೆಗಳನ್ನು ಹದ ಮಾಡಿ ಮತ್ತೆ ಕೂರಿಸುವುದು. ಹುಡುಗ ತಗಡಿನ ನೆಲ ಕೇಳಿದ. ಆಚಾರ್ರು ಬೇಡವೆಂದರು: ಚಳಿಗಾಲದ ರಾತ್ರಿ ಲೋಡು ಮಾಡಿ ನಿಲ್ಲಿಸಿದರೆ ಬೆಳಗ್ಗೆ ತಗಡು ಬೆವರಿರುತ್ತದೆ, ಮರ ಬೆವರುವುದಿಲ್ಲ. ಸಿಂಟೆಕ್ಸಿನ ಬಳೆಗಳು ಚೀಲ ಹರಿಯುತ್ತವೆ, ಅವು ಹೋಗಲಿ. ಗಣಿಯ ಕಾಲದ ಪ್ಲೇಟೂ ಹೋಗಲಿ. ಹಗುರ ಹೊರೆಗೆ ಬಿಗಿ ಸ್ಪ್ರಿಂಗ್ ಎಂದರೆ ಗಾಡಿಗೂ ಒದೆ, ಡ್ರೈವರಿಗೂ ಒದೆ. ಬಾಡಿಯ ಹೊರಗೆ ಹಗ್ಗದ ಕೊಕ್ಕೆಗಳು ಹತ್ತಿರ ಹತ್ತಿರ ಬರಲಿ, ಟಾರ್ಪಾಲು ಬಿಗಿಯಾಗಿ ಕೂರಲಿ. ಹಿಂದೆ ಸರಪಣಿ ಎರಡು. ಬ್ರೇಕಿನ ಕೆಲಸ ತಿಪಟೂರಿನಲ್ಲಿ ಬೇರೆಯವರ ಹತ್ತಿರ. ಬಣ್ಣ ಅದೇ ಬಿಳಿ.

ಎದೆಮಟ್ಟದ ಆ ಆ್ಯಂಗಲ್ಲಿನ ವಿಷಯದಲ್ಲಿ ಕೊನೆಗೆ ಫೋನು ಮನೆಗೆ ಹೋಗುತ್ತದೆ. ಅವ್ವನ ದನಿ ಸ್ಪೀಕರಿನಲ್ಲಿ ಶೆಡ್ಡಿಗೆಲ್ಲ ಕೇಳುತ್ತದೆ. ಹಿಂದೆ ಹಸು ಅಂಬಾ ಎನ್ನುತ್ತಿದೆ. “ಅಮ್ಮನವರ ಹೆಸರು ಅಳಿಸಬ್ಯಾಡ, ಅಷ್ಟೇ. ಅದೇನೋ ಕಬ್ಬಿಣ ಅಂತೀಯಲ್ಲ, ಅದು ನಂಗೇನ್ ಗೊತ್ತು? ಅದರಾಗೆ ನನ್ನ ಸೀರೆ ಸೆರಗು ಸಿಕ್ಕಿ ಹರಿದಿದ್ದು ಗೊತ್ತು.” ಅಕ್ಕನೂ ಅದೇ ಮನೆಯಲ್ಲಿದ್ದಾಳೆ, ಬಾಣಂತನಕ್ಕೆ ಬಂದವಳು. ಅವಳದೂ ಒಂದು ಷರತ್ತು. ಡೋರಿಗೆ ಹೊಸದಾಗಿ ಬರೆಸುವಾಗ ಹೆಸರಿನ ಸಾಲು ತಿರುಗುಮುರುಗಾಗಬಾರದು.

ಗ್ಯಾಸ್ ಕಟರ್ ಹೊತ್ತಿಸುವ ಮೊದಲು ಆಚಾರ್ರು ಅಡ್ವಾನ್ಸು ಎಣಿಸಿಕೊಂಡು ಜೇಬಿಗಿಡುತ್ತಾರೆ. ಮುಂದಿನ ಮಾರುಕಟ್ಟೆಗೆ ಆಗುತ್ತದೆಯೇ ಎಂದರೆ ಆಗುವುದಿಲ್ಲ ಎನ್ನುತ್ತಾರೆ, ಅದರ ಮುಂದಿನದಕ್ಕೆ ನೋಡೋಣ, ಕರೆಂಟು ಇದ್ದರೆ. ಹುಡುಗ ಪಕ್ಕದ ಮನೆಯವರಿಗೆ ಫೋನು ಮಾಡಿ ಈ ವಾರದ ಲೋಡಿಗೆ ಬೇರೆ ಗಾಡಿ ನೋಡಿಕೊಳ್ಳಿ ಎಂದು ಹೇಳಿ ಬರುವಷ್ಟರಲ್ಲಿ ಎಡಗಡೆಯ ಆ್ಯಂಗಲ್ಲು ಎರಡು ತುಂಡಾಗಿ ಕೆಳಗಿದೆ. ಗಾಡಿಯನ್ನು ಮಾರು ಎಂದು ಬೆಳಗಿನಿಂದ ಹೇಳುತ್ತಿದ್ದ ಚಿಕ್ಕಪ್ಪ ಆ ತುಂಡುಗಳನ್ನು ಚಪ್ಪಲಿ ಕಾಲಿನಿಂದ ಉರುಳಿಸಿ ನೋಡುತ್ತಾರೆ.

“ಇದನ್ನ ಗುಜರಿಗೆ ಹಾಕ್ತೀರಾ ಆಚಾರ್ರೆ?”

“ಯಾಕೆ?”

“ಹಳೇ ಕಬ್ಬಿಣ, ಗಟ್ಟಿ ಐತೆ. ನಮ್ಮ ಕೊಟ್ಟಿಗೆಗೆ ಒಂದು ಗೇಟು ಆಗ್ಬೇಕಿತ್ತು.”

ಆಚಾರ್ರು ಮತ್ತೆ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆಯುತ್ತಾರೆ. ಗೇಟಿನ ಅಗಲ ಎಷ್ಟು ಎಂದು ಕೇಳುತ್ತಾರೆ.